ಇದು ಯಾವುದಕ್ಕೆ ಮದ್ದು?

ಮಳೆಗಾಲದಲ್ಲಿ ಕಾಡು ಹೂ ನೋಡಲು ಹೋಗುವವರಿಗೆ ನಮ್ಮ ಉಡುಪಿ ಕಡೆ ಉಂಬಳದ ಕಾಟ ಇದ್ದದ್ದೇ. ಅದಕ್ಕೆ ಉಪ್ಪು ಉಂಟು, ಸುಣ್ಣ ಉಂಟು, ಹೊಗೆಸೊಪ್ಪು ಉಂಟು. ಏನೂ ಇಲ್ಲದ ಕಾಟ ಇನ್ನೊಂದು. "ಇದು ಯಾವುದಕ್ಕೆ ಮದ್ದು?" ಎಂದು ಕೇಳುವವರದ್ದು.

ಮೊನ್ನೆ ಭಾನುವಾರ ಮಣಿಪಾಲದ ಇಳಿಜಾರಿನಲ್ಲಿ, ಮುರಕಲ್ಲಿನ ದರೆಗೆ ಅಂಟಿಕೊಂಡು ಕಾಡು ಕರ್ಣಕುಂಡಲ ಅರಳಿತ್ತು. ತಿಳಿ ಗುಲಾಬಿ ಬಣ್ಣ, ಹಿಂದೆ ಬಾಗಿದ ಸಪೂರ ಬಾಲ. ಪಕ್ಕದಲ್ಲೇ ಬಲಿತ ಒಂದು ಕಾಯಿ. ಮುಟ್ಟಿದರೆ ಸಾಕು, ಪಟ್ಟನೆ ಸಿಡಿದು ಬೀಜ ಹಾರಿಸುತ್ತದೆ. ಮುಟ್ಟಲೋ ಬೇಡವೋ ಎಂದು ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಶೆಣೈ ಮಾಮ್ ಸ್ವರ ಬಂತು.

"ಇದು ಯಾವುದಕ್ಕೆ ಮದ್ದು?"

"ಯಾವುದಕ್ಕೂ ಅಲ್ಲ ಮಾಮ್. ಸುಮ್ನೆ ಹೂ."

"ಸುಮ್ನೆ ಹೇಗಾಗ್ತದೆ ಮಾರಾಯ್ರೇ? ಎಂತದಕ್ಕಾದ್ರೂ ಆಗ್ಬೇಕಲ್ಲ?"

ಶೆಣೈ ಮಾಮ್ ಬ್ಯಾಂಕಿನಲ್ಲಿ ಇದ್ದು ನಿವೃತ್ತರಾದವರು. ಜಾಮೀನು ಇಲ್ಲದೆ ಯಾವುದನ್ನೂ ನಂಬುವವರಲ್ಲ. ನಮ್ಮ ಜೊತೆಗೆ ಬರುವ ಶೆಟ್ರದ್ದು ಬೇರೆ ಬಗೆ. ಹೂ ಕಂಡ ಕೂಡಲೇ ಫೋನನ್ನು ಅದರ ಮುಖಕ್ಕೆ ಹಿಡಿಯುತ್ತಾರೆ. ಫೋನು ಒಂದು ಹೆಸರು ಹೇಳುತ್ತದೆ. ಒಂದು ಹೆಜ್ಜೆ ಸರಿದು ಇನ್ನೊಂದು ಫೋಟೊ ತೆಗೆದರೆ ಇನ್ನೊಂದು ಹೆಸರು ಹೇಳುತ್ತದೆ. ಶೆಟ್ರು ಎರಡನ್ನೂ ಜೋರಾಗಿ ಓದುತ್ತಾರೆ. ಅಷ್ಟರಲ್ಲಿ ಹೂವಿನ ಮೇಲಿದ್ದ ಚಿಟ್ಟೆ ಎದ್ದು ಹೋಗಿರುತ್ತದೆ.

ಒಮ್ಮೆ ಗೌರಿ ಹೂ ಸಿಕ್ಕಿತ್ತು. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಎಸಳುಗಳೆಲ್ಲ ಹಿಂದಕ್ಕೆ ಮಡಚಿಕೊಂಡಿದ್ದವು. ಮಾಮ್ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. "ಗಡ್ಡೆ ಪೂರಾ ವಿಷ ಮಾಮ್, ತಿಂದವರು ಉಳಿಯುವುದು ಕಷ್ಟ." ಇವತ್ತಿಗೆ ಬಚಾವಾದೆ ಅಂದುಕೊಂಡೆ. ಶೆಟ್ರು ಫೋನ್ ನೋಡಿ ಓದಿದರು. ಅದೇ ಗಿಡದಿಂದ ಕಾಲ್ಚಿಸಿನ್ ಎಂಬ ಔಷಧಿ ತೆಗೆಯುತ್ತಾರೆ, ಗೌಟ್ ಎಂಬ ಕಾಯಿಲೆಗೆ ಕೊಡುತ್ತಾರೆ. ಮಾಮ್ ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು. ಆಮೇಲೆ ಗಿಡದ ಬುಡ ನೋಡಿದರು. ಅವರನ್ನು ಅಲ್ಲಿಂದ ಹೊರಡಿಸುವಾಗ ಸಾಕುಸಾಕಾಯಿತು.

ನಮ್ಮೂರಿನಲ್ಲಿ ಒಂದು ಗಿಡ ಮರ್ಯಾದೆಯಿಂದ ಬದುಕಬೇಕಾದರೆ ಒಂದೋ ಮದ್ದಾಗಬೇಕು, ಇಲ್ಲವೇ ತಂಬುಳಿ ಆಗಬೇಕು, ಇಲ್ಲವೇ ದೇವರ ತಲೆಗೆ ಏರಬೇಕು. ಒಂದೆಲಗಕ್ಕೆ ಮರ್ಯಾದೆ ಉಂಟು. ತಗಟೆ ಸೊಪ್ಪಿಗೆ ಆಟಿ ತಿಂಗಳಲ್ಲಿ ಮರ್ಯಾದೆ ಉಂಟು. ಆಟಿ ಅಮಾವಾಸ್ಯೆಯ ಹಿಂದಿನ ರಾತ್ರಿ ಹಾಲೆ ಮರಕ್ಕಂತೂ ರಾಜಮರ್ಯಾದೆ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಲ್ಲೇ ಜಜ್ಜಿ ಕೆತ್ತೆ ತರುತ್ತಾರೆ. ಕೇಪಳದ ಹೂ ದೇವರಿಗೆ, ಹಣ್ಣು ಮಕ್ಕಳಿಗೆ. ಎಲ್ಲಿಂದಲೋ ಬಂದು ಗುಡ್ಡೆ ಪೂರಾ ಹಬ್ಬಿದ ಕಮ್ಯುನಿಸ್ಟ್ ಗಿಡಕ್ಕೂ ಕೆಲಸ ಸಿಕ್ಕಿದೆ. ಕೈ ಕೊಯ್ದುಕೊಂಡರೆ ಅದರ ರಸವೇ ಬೇಕು. ಈ ಯಾವ ಲೆಕ್ಕಕ್ಕೂ ಸಿಗದ್ದೆಲ್ಲ ಬಲ್ಲೆ, ಅಂದರೆ ಬರೀ ಪೊದೆ. ಬಲ್ಲೆ ಇರುವುದು ಸವರಲಿಕ್ಕೆ.

ಹಾಗಾದರೆ ಹೂ ನೋಡಿ ನಿಮಗೆ ಎಂತ ಸಿಗ್ತದೆ ಅಂತ ಕೇಳಬಹುದು. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಉಂಟು. ಅದನ್ನು ಹೇಳಲೆಂದೇ ಬರೆಯಲು ಕೂತದ್ದು. ಆದರೆ ಮೊದಲು ಹೆಬ್ರಿಯ ಮರಕೆಸುವಿನ ವಿಷಯ ಹೇಳಬೇಕು.

ಕಳೆದ ಜೂನ್. ಹೆಬ್ರಿಯಿಂದ ಸ್ವಲ್ಪ ಆಚೆ, ತೋಟದ ಬದಿಯ ಕಾಲುದಾರಿ. ಸೋಮೇಶ್ವರ ಅಭಯಾರಣ್ಯದ ಗಡಿ ದಾಟಿರಲಿಲ್ಲ. ದಾಟಿದ್ದರೆ ಮುಂದೆ ಆದದ್ದು ಯಾವುದೂ ಆಗುತ್ತಿರಲಿಲ್ಲ. ಒಳಗೆ ಎಲೆ ಕೊಯ್ಯುವ ಹಾಗಿಲ್ಲ. ಒಂದು ಹಳೇ ಹಲಸಿನ ಮರ. ಪಾಚಿ ಹಿಡಿದ ಕೊಂಬೆಯಿಂದ ಸೀತಾಳೆ ದಂಡೆ ಇಳಿಬಿದ್ದಿತ್ತು. ಗೇಣುದ್ದದ ದಂಡೆ. ಬಿಳಿ ಹೂವಿನ ಮೇಲೆ ನೇರಳೆ ಚುಕ್ಕಿ, ಒಂದಕ್ಕೊಂದು ಒತ್ತಿಕೊಂಡು ನೂರಾರು. ಮಳೆ ಹನಿ ಮೇಲಿನ ಹೂವಿನಿಂದ ಕೆಳಗಿನದಕ್ಕೆ ಜಾರಿ, ಕೊನೆಯ ಹೂವಿನಲ್ಲಿ ಸ್ವಲ್ಪ ನಿಂತು ಆಮೇಲೆ ಬೀಳುತ್ತಿತ್ತು. ಅಸ್ಸಾಮಿನಲ್ಲಿ ಇದು ರಾಜ್ಯದ ಹೂ. ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿಯುತ್ತಾರೆ. ನಾನು ಕುತ್ತಿಗೆ ಎತ್ತಿ ನಿಂತೆ.

"ಓ ಅಲ್ಲಿ! ಓ ಅಲ್ಲಿ ನೋಡಿ!" ಶೆಣೈ ಮಾಮ್ ಕೂಗಿದರು. ನನಗೆ ನಿಜಕ್ಕೂ ಖುಷಿಯಾಯಿತು. ಅಂತೂ ಮಾಮ್ ಕಣ್ಣಿಗೆ ಒಂದು ಹೂ ಬಿತ್ತಲ್ಲ.

"ಮರಕೆಸು! ಅಷ್ಟೂ ಎಳತು!"

ಎಲೆಗೆ ಹಿಟ್ಟು ಹಚ್ಚಿ ಬೇಯಿಸುವ ಪತ್ರೊಡೆಗೆ ಆಗುವ ಕೆಸು. ದಂಡೆಯ ಪಕ್ಕದ ಕವಲಿನಲ್ಲೇ ಇತ್ತು. ಅಗಲ ಎಲೆ, ಹಸಿರು ಅಂದರೆ ಹಸಿರು. ಮೊದಲು ಮಾಮ್ ಕೊಡೆಯ ಹಿಡಿ ಚಾಚಿ ನೋಡಿದರು. ಮುಟ್ಟಲಿಲ್ಲ. ಶೆಟ್ರು ಅವರನ್ನು ಸೊಂಟ ಹಿಡಿದು ಎತ್ತಿದರು. ಆಗಲೂ ಮುಟ್ಟಲಿಲ್ಲ, ಕೊಡೆ ಮಾತ್ರ ಬಿಚ್ಚಿಕೊಂಡಿತು. ಆಮೇಲೆ ನಡುದಾರಿಯಲ್ಲಿ ನಿಂತು ಚರ್ಚೆ. ಮರದ ಮೇಲಿನ ಕೆಸು ತುರಿಸುವುದಿಲ್ಲ ಎಂದು ಮಾಮ್. ತುರಿಸುತ್ತದೆ, ಕೊಯ್ದವರ ಕೈಗುಣ ಎಂದು ಶೆಟ್ರು. ಈ ಗಲಾಟೆಗೆ ಹುಲ್ಲು ಕೊಯ್ಯುತ್ತಿದ್ದ ಒಬ್ಬರು ಅಮ್ಮ ಕತ್ತಿ ಹಿಡಿದುಕೊಂಡೇ ಬಂದರು. "ಎಂತ ಬೇಕಿತ್ತು?"

ಕತ್ತಿ ನೋಡಿ ಮಾಮ್ ನನ್ನ ಹಿಂದೆ ಸರಿದರು. ಶೆಟ್ರು ತುಳುವಿಗೆ ತಿರುಗಿದರು. ಅಮ್ಮನ ತಾಯಿಮನೆ, ಶೆಟ್ರ ಅತ್ತಿಗೆಯ ಮನೆ, ನಡುವೆ ಒಂದು ಕಂಬಳದ ಗದ್ದೆ. ಹತ್ತು ನಿಮಿಷದಲ್ಲಿ ಸಂಬಂಧ ಸಿಕ್ಕಿತು. "ಕೇಳಿದ್ರೆ ಕೊಡ್ತಿರ್ಲಿಲ್ವಾ?" ಎಂದು ಬೈದು ಅಮ್ಮ ಮನೆಯಿಂದ ದೋಟಿ ತರಿಸಿದರು. ದೋಟಿ ಹಿಡಿದವರು ಶೆಟ್ರು, ದಾರಿ ಹೇಳಿದವರು ಮಾಮ್. "ಸ್ವಲ್ಪ ಬಲಕ್ಕೆ, ಇನ್ನು ಸ್ವಲ್ಪ, ಹಾಂ, ಎಳೀರಿ!" ಮೊದಲು ಬಿದ್ದದ್ದು ಸೀತಾಳೆ ದಂಡೆ.

ನಾನು ಹೆಕ್ಕುವ ಮೊದಲೇ ಅಮ್ಮ ಅದನ್ನು ಹೆಕ್ಕಿದರು. ತಿರುಗಿಸಿ ನೋಡಿದರು. "ದನ ತಿಂತದೆ" ಎಂದು ಹುಲ್ಲಿನ ಕಟ್ಟಿಗೆ ಸಿಕ್ಕಿಸಿದರು.

ಮತ್ತೆ ಜಗಲಿಯಲ್ಲಿ ಚಹಾ. ಪತ್ರೊಡೆಗೆ ಹುಣಸೆ ಹುಳಿಯೇ ಆಗಬೇಕೋ ಬಿಂಬುಳಿ ನಡೆಯುತ್ತದೋ, ಬೆಲ್ಲ ಎಷ್ಟು, ತೊಗರಿಬೇಳೆ ಹಾಕುವುದು ಸರಿಯೋ ತಪ್ಪೋ. ಅಮ್ಮ ಒಂದು ಹೇಳಿದರೆ ಮಾಮ್ ಇನ್ನೊಂದು. ಎರಡನೇ ಲೋಟ ಚಹಾವೂ ಬಂತು. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ ಎಂಬ ಒಂದೇ ವಿಷಯಕ್ಕೆ ಇಬ್ಬರೂ ಒಪ್ಪಿದ್ದು. ನಾನು ಮೂಲೆಯಲ್ಲಿ ಕೂತು ಕಾಲಿನ ಉಂಬಳ ಕೀಳುತ್ತಿದ್ದೆ. ಎದುರಿನ ಹಟ್ಟಿಯಲ್ಲಿ ದನ ನಿಜಕ್ಕೂ ತಿನ್ನುತ್ತಿತ್ತು. ಆ ದಿನ ಮತ್ತೆ ಬೇರೆ ಹೂ ನೋಡಲಿಲ್ಲ, ಕತ್ತಲಾಗಿತ್ತು. ಮರುದಿನ ಮಾಮ್ ಮನೆಯಿಂದ ಡಬ್ಬಿಯಲ್ಲಿ ಪತ್ರೊಡೆ ಬಂತು. ಚೆನ್ನಾಗಿತ್ತು. ಅದು ಬೇರೆ ವಿಷಯ.

ಮಾಮ್ ಹೆಂಡತಿಯ ಬಗ್ಗೆ ಮಾತ್ರ ನನಗೆ ಗೌರವ. ಅವರು ನಮ್ಮ ಜೊತೆ ಯಾವತ್ತೂ ಬಂದವರಲ್ಲ. ಆದರೆ ಶ್ರಾವಣದ ಶುಕ್ರವಾರ, ಭಾನುವಾರ ಚೂಡಿ ಕಟ್ಟಲು ಕೂತರೆ ಶೆಟ್ರ ಫೋನ್ ತಲೆ ತಗ್ಗಿಸಬೇಕು. ಬೇಲಿ ಬದಿಯ ಹುಲ್ಲು, ಚಿಗುರು, ಕಡ್ಲೆಕಾಳಿನಷ್ಟೂ ಇಲ್ಲದ ಹೂ, ಎಲ್ಲದಕ್ಕೂ ಕೊಂಕಣಿಯಲ್ಲಿ ಹೆಸರು. ಒಂದು ಕಾಗೆಯ ಕಣ್ಣು, ಒಂದು ಬೆಕ್ಕಿನ ಉಗುರು. ಎಲ್ಲ ಸೇರಿಸಿ ಬಾಳೆ ನಾರಿನಲ್ಲಿ ಕಟ್ಟಿ ತುಳಸಿಗೆ ಇಟ್ಟು, ಆಮೇಲೆ ಹಿರಿಯರಿಗೆ ಕೊಟ್ಟು ನಮಸ್ಕಾರ ಮಾಡುತ್ತಾರೆ. ವರ್ಷಪೂರ್ತಿ ಬಲ್ಲೆ ಎನಿಸಿಕೊಂಡದ್ದಕ್ಕೆ ಆ ತಿಂಗಳು ನಮಸ್ಕಾರ. ಈಗ ರಥಬೀದಿಯಲ್ಲಿ ಕಟ್ಟಿದ ಚೂಡಿಯೇ ಸಿಗುತ್ತದೆ. ಸಿಗಲಿ. ಆದರೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿ, ಆಮೇಲೆ ಗರಿಕೆಯನ್ನು ದುಡ್ಡು ಕೊಟ್ಟು ತರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕ್ರೈಸ್ತರ ಮೊಂತಿ ಹಬ್ಬದ ಕತೆಯೂ ಅದೇ. ಸೆಪ್ಟೆಂಬರ್ 8ಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಹಿಡಿದು ಇಗರ್ಜಿಗೆ ಹೋಗುತ್ತಾರೆ. ಬುಟ್ಟಿಯೊಳಗೆ ಇಣುಕಿದರೆ ಈಗ ಗುಡ್ಡೆಯ ಹೂವಿಗಿಂತ ಅಂಗಡಿಯ ಹೂವೇ ಜಾಸ್ತಿ ಕಾಣುತ್ತದೆ.

ಗುಡ್ಡೆ ಎಲ್ಲಿ ಉಳಿದಿದೆ ಅನ್ನುವುದೂ ಒಂದು ಪ್ರಶ್ನೆಯೇ. ನಮ್ಮ ಪದವುಗಳನ್ನು, ಅಂದರೆ ಗುಡ್ಡೆ ಮೇಲಿನ ಕಲ್ಲುಬಯಲುಗಳನ್ನು, ಕಾಗದದಲ್ಲಿ ಬಂಜರು ಎಂದು ಬರೆಯುತ್ತಾರೆ. ಬಂಜರು ಅಂದ ಮೇಲೆ ಅಕೇಶಿಯಾ ನೆಡಬಹುದು, ಕೆಂಪುಕಲ್ಲಿನ ಕೋರೆ ಮಾಡಬಹುದು, ಸೈಟು ಮಾಡಿ ಮಾರಬಹುದು. ಬರೆದವರು ಏಪ್ರಿಲ್‌ನಲ್ಲಿ ಬಂದು ನೋಡಿರಬೇಕು. ಆಗಸ್ಟ್‌ನಲ್ಲಿ ಬರಬೇಕಿತ್ತು. ನೀರು ಜಿನುಗುವ ಕಡೆಯೆಲ್ಲ ಸಣ್ಣ ನೀಲಿ ಹೂ, ಬಟ್ಟೆಗೆ ಹಾಕುವ ನೀಲಿ ಚೆಲ್ಲಿದ ಹಾಗೆ. ಮೇಲೆ ಪಾಪದ ಹೂ, ಕೆಳಗೆ ಕೆಸರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲ. ಹುಳ ತಾಗಿದರೆ ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಮಣ್ಣಿನ ಸಾರವೆಲ್ಲ ತೊಳೆದು ಹೋಗಿರುತ್ತದೆ. ಮಣ್ಣಿನಲ್ಲಿ ಸಿಗದ್ದನ್ನು ಗಿಡ ಹುಳದಿಂದ ಪಡೆಯುತ್ತದೆ. ಅದರ ಪಕ್ಕದಲ್ಲೇ ಇಬ್ಬನಿ ಗಿಡ. ಬೆರಳುದ್ದ ಇರಬಹುದು. ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲಿನ ತುದಿಯಲ್ಲಿ ಒಂದು ಅಂಟು ಹನಿ. ಇಂಥ ಗಿಡಗಳಿಗೆ ಡಾರ್ವಿನ್ ಹಸಿ ಮಾಂಸದ ಚೂರು ಇಟ್ಟು ಪರೀಕ್ಷೆ ಮಾಡಿದ್ದ. 1875ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ. ಅವನನ್ನು ಯಾರೂ ಯಾವುದಕ್ಕೆ ಮದ್ದು ಎಂದು ಕೇಳಿರಲಿಕ್ಕಿಲ್ಲ.

ಈ ಪದವು ಎಲ್ಲಿದೆ ಎಂದು ನಾನು ಈಗ ಯಾರಿಗೂ ಹೇಳುವುದಿಲ್ಲ. ಶೆಟ್ರಿಗೆ ಹೇಳಿದ್ದೆ. ಅವರು ಫೋಟೊ ತೆಗೆದರು. ಹುಳ ತಿನ್ನುತ್ತದೆ ಎಂದು ಫೋನ್ ಹೇಳಿತು. ಅವರಿಗೆ ಹೂ, ಎಲೆ, ಡಾರ್ವಿನ್ ಯಾವುದೂ ಬೇಡ. "ಹುಳ ಅಂದ್ರೆ ಸೊಳ್ಳೆಯನ್ನೂ ತಿನ್ಬೇಕಲ್ಲ?" ಅಂದರು. ಮಂಗಳೂರಿನಲ್ಲಿ ಮಗಳ ಫ್ಲಾಟಿನಲ್ಲಿ ಸೊಳ್ಳೆ ಜಾಸ್ತಿಯಂತೆ. ಮಣ್ಣಿನ ಸಮೇತ ಎಬ್ಬಿಸಿ, ಹಾಲಿನ ಪ್ಯಾಕೆಟಿನಲ್ಲಿ ಇಟ್ಟು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ಹೋದರು. ಗೊಬ್ಬರ ಹಾಕಬೇಡಿ, ಸತ್ತೇ ಹೋಗ್ತದೆ ಎಂದು ಫೋನ್ ಮಾಡಿ ಹೇಳಿದೆ. ಅಷ್ಟರಲ್ಲಿ ಮಗಳು ಕುಂಡಕ್ಕೆ ಸಗಣಿ ಗೊಬ್ಬರವನ್ನೂ ನೆಲಗಡಲೆ ಹಿಂಡಿಯನ್ನೂ ಹಾಕಿ ಆಗಿತ್ತು.

ಈಗ ಆ ಕುಂಡದಲ್ಲಿ ಗಾಂಧಾರಿ ಮೆಣಸು ಇದೆ. ಒಳ್ಳೆ ಕಾಯಿ ಬಿಟ್ಟಿದೆಯಂತೆ, ಖಾರವೂ ಉಂಟಂತೆ.