ಕಾರ್ಡು ಪುಕ್ಕಟೆ, ಓಡಾಟ ಯಾರದ್ದು?

2023ರ ಮೇ 4ರಂದು ಇಂಗ್ಲೆಂಡಿನಲ್ಲಿ ಸ್ಥಳೀಯ ಚುನಾವಣೆ. ಮುಂದಿನ ವಾರವೇ, ಮೇ 10ಕ್ಕೆ, ಕರ್ನಾಟಕ ವಿಧಾನಸಭೆಯ ಮತದಾನ. ನಮ್ಮ ಕಡೆ ವೋಟರ್ ಐಡಿ ಹಳೇ ಸಂಗತಿ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ ಶುರುವಾದದ್ದು. ಇಡೀ ಇಂಗ್ಲೆಂಡಿಗೆ ಮಾತ್ರ ಫೋಟೊ ಗುರುತು ಕಡ್ಡಾಯವಾದದ್ದು ಅದೇ ಮೊದಲು. ಅಲ್ಲಿಯವರೆಗೆ ಹೆಸರು, ವಿಳಾಸ ಹೇಳಿದರೆ ಮತಪತ್ರ ಕೈಗೆ ಬರುತ್ತಿತ್ತು. ಬೆರಳಿಗೆ ಶಾಯಿಯೂ ಇಲ್ಲ!

ನಾನಿರುವ ಇಂಗ್ಲೆಂಡಿನಲ್ಲಿ ಆಧಾರ್ ತರಹದ ಕಾರ್ಡು ಯಾರ ಹತ್ತಿರವೂ ಇಲ್ಲ. ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸ್ ತೋರಿಸಬೇಕು, ಎರಡಕ್ಕೂ ದುಡ್ಡು ಬೇಕು. ವಯಸ್ಸಾದವರ ಬಸ್ ಪಾಸ್ ನಡೆಯುತ್ತದೆ. ಲಂಡನ್ನಿನ ವಿದ್ಯಾರ್ಥಿಯ ಪಾಸ್‌ನಲ್ಲೂ ಫೋಟೊ ಇದೆ, ಅದು ನಡೆಯುವುದಿಲ್ಲ. ಇದ್ಯಾವ ನ್ಯಾಯವೋ! ಏನೂ ಇಲ್ಲದವರಿಗೆ ಸರ್ಕಾರ ಪುಕ್ಕಟೆ ಪ್ರಮಾಣಪತ್ರ ಕೊಡುತ್ತದೆ, ನಿಜ. ಆದರೆ ಮತದಾನಕ್ಕೆ ಆರು ಕೆಲಸದ ದಿನ ಮೊದಲೇ ಅರ್ಜಿ ಹಾಕಿರಬೇಕು. ಫೋಟೊ ತೆಗೆಸಿ ಅರ್ಜಿ ತುಂಬುವ ಉಸಾಬರಿ ಪೂರ್ತಿ ಮತದಾರನದ್ದು. 2023ರ ಆ ಚುನಾವಣೆಯ ದಿನ ಗುರುತಿಲ್ಲದೆ ಬೂತಿನಿಂದ ವಾಪಸು ಹೋದವರಲ್ಲಿ ಸುಮಾರು 14,000 ಮಂದಿ ತಿರುಗಿ ಬರಲೇ ಇಲ್ಲ ಎಂದು ಬ್ರಿಟನ್ನಿನ ಚುನಾವಣಾ ಆಯೋಗವೇ ಹೇಳಿತು. ಕಾನೂನು ಬಂದಾಗ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅವರೇ 2024ರಲ್ಲಿ ಗುರುತು ಮರೆತು ಹೋಗಿ ಬೂತಿನಿಂದ ವಾಪಸಾದರು. ಆಮೇಲೆ ತಂದು ವೋಟು ಹಾಕಿದರು ಬಿಡಿ, ಅವರಿಗೆ ಪುರುಸೊತ್ತಿತ್ತು. ಶಿಫ್ಟ್ ಮುಗಿಸಿ ರಾತ್ರಿ ಒಂಬತ್ತೂವರೆಗೆ, ಬೂತು ಮುಚ್ಚುವ ಹೊತ್ತಿಗೆ ಬಂದವರು ಏನು ಮಾಡಬೇಕು?

ನಮ್ಮಲ್ಲಿ ಈ ವಿಷಯ ಎಷ್ಟೋ ವಾಸಿ. ಮೊದಲ ಕಾರ್ಡಿಗೆ ದುಡ್ಡಿಲ್ಲ. ಕಾರ್ಡು ಸಿಗಲಿಲ್ಲವೇ, ಆಧಾರ್ ತನ್ನಿ, ಪ್ಯಾನ್ ತನ್ನಿ, ಫೋಟೊ ಅಂಟಿಸಿದ ಬ್ಯಾಂಕ್ ಪಾಸ್‌ಬುಕ್ ತನ್ನಿ. ಉದ್ಯೋಗ ಖಾತರಿಯ ಜಾಬ್ ಕಾರ್ಡೂ ಆಗುತ್ತದೆ. ಕೂಲಿಗೆ ಹೋಗುವ ಹೆಂಗಸಿನ ಮನೆಯಲ್ಲಿ ಇದರಲ್ಲಿ ಒಂದಾದರೂ ಇದ್ದೇ ಇರುತ್ತದೆ, ಅಲ್ವಾ? ಫಾರಂ ಹಿಡಿದು ಮನೆ ಬಾಗಿಲಿಗೆ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ಬರುತ್ತಾರೆ. ಅಂದ ಮಾತ್ರಕ್ಕೆ ಓಡಾಟ ಮಾಯವಾಗಲಿಲ್ಲ, ಅದು ಬಿಎಲ್‌ಒ ಕೆಲಸ ಮಾಡುವ ಅಂಗನವಾಡಿ ಟೀಚರ ತಲೆಗೆ ಬಿತ್ತು. ಆ ಬಿಸಿಲಿಗೆ ಸಿಗುವ ಗೌರವಧನ ಜಾಸ್ತಿ ಆಗಲೇಬೇಕು.

ನಮ್ಮ ತೊಂದರೆ ಇರುವುದು ಪಟ್ಟಿಯಲ್ಲಿ. ಕೈಯಲ್ಲಿ ಕಾರ್ಡಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಗೋಳು ಬೆಂಗಳೂರಿಗೆ ಹೊಸದಲ್ಲ. ಇಂಗ್ಲೆಂಡಿನಲ್ಲಿ ವರ್ಷಕ್ಕೊಮ್ಮೆ ಪ್ರತಿ ಮನೆಗೂ ಕೇಳಿಕೆ ಬರುತ್ತದೆ: ನಿಮ್ಮಲ್ಲಿ ಮತದಾರರು ಇವರೇ ತಾನೇ, ಬದಲಾವಣೆ ಇದ್ದರೆ ತಿಳಿಸಿ. ಅದನ್ನು ನಾವು ಕಲಿಯಬಹುದು. ಸಾಗರೋತ್ತರ ಮತದಾರರಾಗಿ ಊರಲ್ಲಿ ಹೆಸರು ಬರೆಸಿದ ನಮ್ಮಂಥವರ ಕಥೆ ಬೇರೆ. ಪಾಸ್‌ಪೋರ್ಟೇ ಗುರುತು, ಆದರೆ ಖುದ್ದಾಗಿ ಬೂತಿಗೆ ಹೋಗಬೇಕು. ವಿಮಾನದ ಟಿಕೆಟ್ಟೇ ನಮ್ಮ ವೋಟಿನ ಖರ್ಚು!

ಮುಂದೆ ಬ್ಯಾಂಕ್ ಕಾರ್ಡನ್ನೂ ಒಪ್ಪುವುದಾಗಿ ಬ್ರಿಟನ್ ಸರ್ಕಾರ 2025ರಲ್ಲಿ ಹೇಳಿದೆ. ಬಹುತೇಕ ಬ್ಯಾಂಕ್ ಕಾರ್ಡುಗಳಲ್ಲಿ ಫೋಟೊ ಇರುವುದಿಲ್ಲ. ಮುಖ ತಾಳೆ ನೋಡಲೇಬೇಕೆಂದು ತಂದ ಕಾನೂನಿನಲ್ಲಿ ಮುಖವೇ ಇಲ್ಲದ ಕಾರ್ಡು ನಡೆಯುತ್ತದೆ ಅಂದಮೇಲೆ, ಆ 14,000 ಮಂದಿಯನ್ನು ಸುಮ್ನೆ ವಾಪಸು ಕಳಿಸಿದ್ದು ಯಾಕೆ?