ಕವರ್ ಕೊಡಿ, ಡೀಸೆಲ್ ಹಿಡಿಯಿರಿ

ಮತ್ತೆ ಬಂತು ನೋಡಿ ಆ ವಿಡಿಯೋ. ಡ್ರಮ್ಮಿನ ಒಂದು ಕಡೆ ಹಳೇ ಪ್ಲಾಸ್ಟಿಕ್ ಕವರ್ ತುರುಕುತ್ತಾರೆ, ಇನ್ನೊಂದು ಕಡೆ ನಲ್ಲಿಯಲ್ಲಿ ಪೆಟ್ರೋಲ್. ಅರಬ್ ಶೇಖ್‌ಗಳ ಕಥೆ ಮುಗೀತು ಅಂತ ಕೆಳಗೆ ಒಕ್ಕಣೆ ಬೇರೆ.

ತಮಾಷೆ ಏನು ಗೊತ್ತಾ, ವಿಜ್ಞಾನ ಸುಳ್ಳಲ್ಲ. ಗಾಳಿ ಆಡದ ಪಾತ್ರೆಯಲ್ಲಿ ಪ್ಲಾಸ್ಟಿಕ್ಕನ್ನು 400-500 ಡಿಗ್ರಿ ಕಾಯಿಸಿ, ಜಿಯೋಲೈಟ್‌ನಂಥ ವೇಗವರ್ಧಕ ಹಾಕಿದರೆ ಎಣ್ಣೆ ಬಂದೇ ಬರುತ್ತದೆ. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯವರು ಸರ್ಕಾರಿ ಗ್ಯಾಸ್ ಕಂಪನಿ ಗೇಲ್ ಜೊತೆ ಸೇರಿ 2019ರಲ್ಲೇ ಘಟಕ ಹಾಕಿದರು. ದಿನಕ್ಕೆ 1 ಟನ್ ಪ್ಲಾಸ್ಟಿಕ್ ಹಾಕಿದರೆ 800 ಲೀಟರ್ ಡೀಸೆಲ್. 12,000 ಲೀಟರಿನ ಒಂದು ಟ್ಯಾಂಕರ್ ತುಂಬೋಕೆ 15 ದಿನ. ಶೇಖ್‌ಗಳಿಗೆ ಪಾಪ ನಿದ್ದೆಯೇ ಇರಲಿಕ್ಕಿಲ್ಲ.

ಆದರೆ ಈ ಯಂತ್ರ ಮಹಾ ಮಡಿವಂತ. ಹಾಲಿನ ಕವರ್ ಆಗುತ್ತದೆ, ತೊಳೆದು ಒಣಗಿಸಿದ್ದಾದರೆ. ನೀರಿನ ಬಾಟಲಿ ಸೇರಿದರೆ ಪೈಪ್ ಕಟ್ಟಿಕೊಳ್ಳುತ್ತದೆ, ಪಿವಿಸಿ ಅನ್ನೋ ಕ್ಲೋರಿನ್ ಇರುವ ಪ್ಲಾಸ್ಟಿಕ್ ಸೇರಿದರೆ ಹೈಡ್ರೋಕ್ಲೋರಿಕ್ ಆಸಿಡ್ ಹುಟ್ಟಿ ಪೈಪನ್ನೇ ತಿನ್ನುತ್ತದೆ. ತೊಳೆದ ಹಾಲಿನ ಕವರನ್ನು ಗುಜರಿಯವರೇ ದುಡ್ಡು ಕೊಟ್ಟು ಒಯ್ಯುತ್ತಾರಲ್ವಾ? ಯಾರೂ ಮುಟ್ಟದ, ಸಾಂಬಾರ್ ಮೆತ್ತಿದ ಕವರಿಗೆ ಅಂತ ತಂದ ಯಂತ್ರ, ಅದನ್ನೇ ಮುಟ್ಟಲ್ಲ ಅನ್ನುತ್ತದೆ.

ಪಿವಿಸಿ ಅಂದಾಗ ಫ್ಲೆಕ್ಸ್ ನೆನಪಾಯಿತು, ಅದೂ ಪಿವಿಸಿಯದೇ ಅಲ್ವಾ. 2016ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಕ್ಯಾರಿಬ್ಯಾಗ್ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. ಹಾಗಾಗಿ ಈಗ ಸರ್ಕಲ್‌ಗಳಲ್ಲಿ ಫ್ಲೆಕ್ಸ್ ಇಲ್ಲವೇ ಇಲ್ಲ. ಕೂಲಿಂಗ್ ಗ್ಲಾಸ್ ಹಾಕಿ ಕೈಮುಗಿದು ನಿಂತ ಆ ಯುವನಾಯಕರು, ಅವರ ಕಾಲಡಿಯಲ್ಲಿ ಸ್ಟಾಂಪ್ ಸೈಜಿನಲ್ಲಿ ನಗುವ ಡಜನ್‌ಗಟ್ಟಲೆ ಅಭಿಮಾನಿಗಳು, ಅವರ ಪಕ್ಕದಲ್ಲಿ ಕಾರಣವೇ ಇಲ್ಲದೆ ಒಂದು ಸಿಂಹ, ಎಲ್ಲರೂ ಗಾಳಿಯಲ್ಲಿ ತಾವಾಗಿ ಮೂಡಿದವರು. ನಾಳೆ ನಮ್ಮೂರಲ್ಲಿ ಡೀಸೆಲ್ ಘಟಕ ಆದರೂ ಉದ್ಘಾಟನೆಗೆ ಫ್ಲೆಕ್ಸೇ ಕಟ್ಟುತ್ತಾರೆ. ಘಟಕಕ್ಕೆ ಮಾತ್ರ ಅದು ಜೀರ್ಣ ಆಗಲ್ಲ.

ನಗೋಕೂ ಬೇಜಾರು ಬಂದಿದೆ ಕಣ್ರೀ. ಕವರ್ ಮಾಡುವ ಕಾರ್ಖಾನೆ ರಾತ್ರಿಯೆಲ್ಲ ಓಡುತ್ತದೆ, ದಂಡ ಬೀಳುವುದು ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಅಜ್ಜಿಗೆ. ಕಸ ಬೇರೆ ಮಾಡಿ ಕೊಡಿ ಅಂತ ಹೈಕೋರ್ಟೇ ಹೇಳಿದರೂ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಡೈಪರ್, ಅನ್ನ, ಚಿಪ್ಸ್ ಪ್ಯಾಕೆಟ್ ಎಲ್ಲ ಒಂದೇ ಚೀಲ. ಅದನ್ನು ಬರಿಗೈಯಲ್ಲಿ ಬಿಡಿಸುವವರು ಪೌರಕಾರ್ಮಿಕರು. ಮೊದಲು ಅವರಿಗೊಂದು ಜೊತೆ ಗಟ್ಟಿ ಗ್ಲೌಸ್ ಕೊಡ್ರಪ್ಪ. ಡೀಸೆಲ್ ಆಮೇಲೆ ನೋಡೋಣ.