ಚಿಕ್ಕಮ್ಮನಿಗೆ ಇಮ್ಯೂನಿಟಿ ಕಡಿಮೆ ಇರಲಿಲ್ಲ

ಭಾನುವಾರ ಶಿಡ್ಲಘಟ್ಟದಲ್ಲಿ ನೆಂಟರ ಮನೆ ಗೃಹಪ್ರವೇಶ ಇತ್ತು. ಸ್ತನದ ಕ್ಯಾನ್ಸರ್‌ಗೆ ನಾಲ್ಕು ಕೀಮೋ ಮುಗಿಸಿರುವ ಚಿಕ್ಕಮ್ಮನೂ ಬಂದಿದ್ದರು. ತಲೆಗೆ ಸೆರಗು ಹೊದ್ದು, ಜನ ಕಡಿಮೆ ಇರುವ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎಷ್ಟು ತಿಂಗಳ ಮೇಲೆ ನಾಲ್ಕು ಜನರ ನಡುವೆ ಬಂದಿದ್ದರು ಗೊತ್ತಾ? ಅಷ್ಟರಲ್ಲಿ ದೂರದ ಸಂಬಂಧಿಯೊಬ್ಬರು ಬಂದು ಪಕ್ಕದಲ್ಲೇ ಕೂತರು. ಕೈ ಹಿಡಿದುಕೊಂಡರು. "ನಿನಗೆ ಇಮ್ಯೂನಿಟಿ ಇರಲಿಲ್ಲ ಕಣಮ್ಮ, ಅದಕ್ಕೇ ಇದು ಬಂದಿರೋದು. ಮೈ ಸರಿಯಾಗಿ ನೋಡ್ಕೊಳ್ಳಲಿಲ್ಲ ನೀನು" ಅಂದರು. ಆಮೇಲೆ ಬ್ಯಾಗಿನಿಂದ ಒಂದು ಡಬ್ಬಿ ತೆಗೆದರು. ಇಮ್ಯೂನಿಟಿ ಪೌಡರ್. 2,400 ರೂಪಾಯಿ.

ಚಿಕ್ಕಮ್ಮ ತಲೆ ತಗ್ಗಿಸಿಕೊಂಡು, "ಹೂಂ ಅಕ್ಕ, ಹೊತ್ತಿಗೆ ಸರಿಯಾಗಿ ಉಣ್ತಿರಲಿಲ್ಲ ನಾನು" ಅಂದುಬಿಟ್ಟರು. ತಪ್ಪೊಪ್ಪಿಕೊಳ್ಳುವವರ ಹಾಗೆ.

ಎರಡು ದಿನ ಆಯಿತು. ಆ ತಗ್ಗಿದ ತಲೆ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಮ್ಮನನ್ನು ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರಿ. ಇಪ್ಪತ್ತೈದು ವರ್ಷ ರೇಷ್ಮೆ ಹುಳ ಸಾಕಿದವರು. ನಾಲ್ಕನೇ ಜ್ವರ, ಅಂದರೆ ಹುಳ ಪೊರೆ ಬಿಡುವ ಹೊತ್ತು, ಮುಗಿಸಿ ಎದ್ದ ಮೇಲೆ ಹುಳ ಹೇಗೆ ಸೊಪ್ಪು ತಿನ್ನುತ್ತವೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಡುರಾತ್ರಿ ಎದ್ದು ಸೊಪ್ಪು ಹಾಕಿ, ಬೆಳಗ್ಗೆ ಮತ್ತೆ ತೋಟಕ್ಕೆ ಹೋಗುತ್ತಿದ್ದರು. ಮಳೆಯಲ್ಲಿ ನೆಂದರೂ ನೆಗಡಿ ಆಗುತ್ತಿರಲಿಲ್ಲ. ಊರಿಗೆಲ್ಲ ಚಿಕೂನ್‌ಗುನ್ಯ ಬಂದಾಗ ನಮ್ಮ ಮನೆಯಲ್ಲಿ ಎದ್ದು ಓಡಾಡುತ್ತಿದ್ದವರು ಇವರೊಬ್ಬರೇ. ಇವರಿಗೆ ಇಮ್ಯೂನಿಟಿ ಇರಲಿಲ್ಲವಂತೆ!

ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು ನಾನು. ಒಂದು ಸಲ ಸಮಾಧಾನವಾಗಿ ಕೇಳಿ.

ನಮ್ಮ ಮೈಯಲ್ಲಿ ಟಿ ಕೋಶ ಅಂತ ಒಂದು ಜಾತಿಯ ಬಿಳಿ ರಕ್ತಕಣ ಇದೆ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರ್‌ಗಳು ಗೂಡನ್ನು ಕೈಯಲ್ಲಿ ಎತ್ತಿ, ಅಲ್ಲಾಡಿಸಿ ನೋಡುತ್ತಾರಲ್ಲ, ಹಾಗೇ ಇವು ಒಂದೊಂದು ಜೀವಕೋಶವನ್ನೂ ಮುಟ್ಟಿ ನೋಡುತ್ತಾ ತಿರುಗುತ್ತವೆ. ಪ್ರತಿ ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರನ್ನು ಮೈಮೇಲೆ ತೋರಿಸುತ್ತಿರುತ್ತದೆ. ಆ ಚೂರು ವಿಚಿತ್ರವಾಗಿ ಕಂಡರೆ ಟಿ ಕೋಶ ಅಲ್ಲೇ ಅಂಟಿಕೊಳ್ಳುತ್ತದೆ. ಪರ್ಫೊರಿನ್ ಅನ್ನುವ ಪ್ರೋಟೀನಿನಿಂದ ತೂತು ಮಾಡಿ, ಗ್ರಾನ್‌ಜೈಮ್ ಅನ್ನುವ ಇನ್ನೊಂದನ್ನು ಒಳಗೆ ಬಿಡುತ್ತದೆ. ಕೆಟ್ಟ ಕೋಶ ತಾನಾಗಿಯೇ ಸಾಯುತ್ತದೆ. ಕೆಲವು ಕ್ಯಾನ್ಸರ್ ಕೋಶಗಳು ಸಿಕ್ಕಿಬೀಳಬಾರದು ಅಂತ ಆ ಚೂರು ತೋರಿಸುವುದನ್ನೇ ನಿಲ್ಲಿಸಿಬಿಡುತ್ತವೆ. ಅಂಥವನ್ನು ಹಿಡಿಯಲು ಎನ್‌ಕೆ, ಅಂದರೆ ನ್ಯಾಚುರಲ್ ಕಿಲ್ಲರ್ ಕೋಶಗಳಿವೆ. ಏನೂ ತೋರಿಸದೆ ಸುಮ್ನೆ ಇರುವ ಕೋಶದ ಮೇಲೇ ಅವುಗಳ ಅನುಮಾನ.

ಇದೆಲ್ಲ ಚಿಕ್ಕಮ್ಮನ ಮೈಯಲ್ಲೂ ನಡೆದಿದೆ. ಊಹೆಯಿಂದ ಹೇಳುತ್ತಿಲ್ಲ. ಎದೆಯ ಗಂಟಿನ ಬಯಾಪ್ಸಿ ರಿಪೋರ್ಟ್ ನಾನೇ ಓದಿದ್ದೇನೆ. ಗಂಟಿನೊಳಗೆ ಲಿಂಫೋಸೈಟ್‌ಗಳು ತುಂಬಾ ನುಗ್ಗಿವೆ ಅಂತ ಅದರಲ್ಲಿ ಒಂದು ಸಾಲಿತ್ತು. ಲಿಂಫೋಸೈಟ್ ಅಂದರೆ ಈ ಟಿ ಕೋಶಗಳ ಬಳಗವೇ. ಚಿಕ್ಕಮ್ಮನದು ಟ್ರಿಪಲ್ ನೆಗೆಟಿವ್ ಅನ್ನುವ ಬಗೆ, ಅಂದರೆ ಸ್ತನದ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಹುಡುಕುವ ಮೂರು ಗುರುತುಗಳೂ ಇಲ್ಲದ್ದು. ಈ ಬಗೆಯಲ್ಲಿ ಗಂಟಿನೊಳಗೆ ಲಿಂಫೋಸೈಟ್ ಜಾಸ್ತಿ ಇದ್ದವರಿಗೆ ಕೀಮೋ ಚೆನ್ನಾಗಿ ಹಿಡಿಯುವ ಸಾಧ್ಯತೆ ಹೆಚ್ಚು ಅಂತ ಡಾಕ್ಟರೂ ಹೇಳಿದರು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಮಗೆ ಯಾರಿಗೂ ಗಂಟಿನ ಸುಳಿವೇ ಇಲ್ಲದಾಗ ಅವರ ಜೀವಕಣಗಳು ಅಲ್ಲಿಗೆ ಹೋಗಿದ್ದವು. ಒಳಗೆ ನುಗ್ಗಿ ಹೊಡೆದಾಡುತ್ತಿದ್ದವು.

ಹಾಗಾದರೆ ಯಾಕೆ ಗೆಲ್ಲಲಿಲ್ಲ? ಕ್ಯಾನ್ಸರ್ ಅವುಗಳಿಗೆ ಬ್ರೇಕ್ ಹಾಕುತ್ತದೆ. ಟಿ ಕೋಶದ ಮೇಲೆ ಪಿಡಿ-1 ಅಂತ ಒಂದು ಬ್ರೇಕ್ ಇದೆ. ಅದು ಇರಲೇಬೇಕು, ಇಲ್ಲದಿದ್ದರೆ ನಮ್ಮ ಮೈಯನ್ನೇ ಅವು ತಿಂದುಹಾಕುತ್ತವೆ. ಒಳ್ಳೆಯ ಕೋಶಗಳು ಆ ಬ್ರೇಕನ್ನು ಒತ್ತಿ, "ನಾನು ಮನೆಯವನೇ, ಬಿಡು" ಅನ್ನುತ್ತವೆ. ಕ್ಯಾನ್ಸರ್ ಕೋಶ ಆ ಮಾತನ್ನೇ ಕಲಿತುಬಿಡುತ್ತದೆ. ಅಷ್ಟೇ ಸಾಲದು ಅಂತ ಜಗಳ ಬಿಡಿಸುವ ಕೆಲಸದ ಟಿ ಕೋಶಗಳನ್ನೂ ತನ್ನ ಸುತ್ತ ಸೇರಿಸಿಕೊಳ್ಳುತ್ತದೆ. 2025ರ ವೈದ್ಯಕೀಯ ನೊಬೆಲ್ ಬಂದಿದ್ದು ಈ ಜಾತಿಯ ಟಿ ಕೋಶಗಳನ್ನು ಕಂಡುಹಿಡಿದು, ಅವುಗಳ ಗುಟ್ಟು ಬಿಡಿಸಿದವರಿಗೇ. ಒಟ್ಟಿನಲ್ಲಿ ಚಿಕ್ಕಮ್ಮನ ಟಿ ಕೋಶಗಳಿಗೆ ಮೋಸ ಆಗಿದೆ. ಮೋಸ ಹೋದವರನ್ನು ಕೈಲಾಗದವರು ಅನ್ನುತ್ತೀರಾ?

ಇಂಥ ಬ್ರೇಕುಗಳನ್ನು ಬಿಡಿಸುವ ದಾರಿ ತೋರಿಸಿದ್ದಕ್ಕೆ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೊಂಜೊ ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು. ಇವತ್ತು ಇಮ್ಯುನೊಥೆರಪಿ ಅನ್ನುತ್ತಾರಲ್ಲ, ಅದರಲ್ಲಿ ಹೆಚ್ಚಿನವು ಈ ಬ್ರೇಕ್ ಬಿಡಿಸುವ ಔಷಧಿಗಳೇ. ಅವುಗಳಿಂದ ಆಗುವ ತೊಂದರೆ ಏನು ಗೊತ್ತಾ? ಬ್ರೇಕ್ ಬಿಟ್ಟ ಟಿ ಕೋಶಗಳು ಕೆಲವರಲ್ಲಿ ಕರುಳು, ಥೈರಾಯ್ಡ್, ಶ್ವಾಸಕೋಶಕ್ಕೂ ಕೈ ಹಾಕುತ್ತವೆ. ಇಮ್ಯೂನಿಟಿ ಅನ್ನುವುದು ಬೋರ್‌ವೆಲ್ ನೀರಲ್ಲ, ಜಾಸ್ತಿ ಬಂದಷ್ಟೂ ಒಳ್ಳೆಯದು ಅನ್ನೋಕೆ. ಜಾಸ್ತಿ ಆದರೆ ಅದೇ ಒಂದು ಕಾಯಿಲೆ. ಕೀಲುಗಳನ್ನು ತಿನ್ನುವ ರುಮಟಾಯ್ಡ್ ಸಂಧಿವಾತ, ಚಿಕ್ಕ ಮಕ್ಕಳಿಗೂ ಬರುವ ಟೈಪ್ 1 ಸಕ್ಕರೆ ಕಾಯಿಲೆ ಎರಡೂ ಇಮ್ಯೂನಿಟಿ ದಾರಿ ತಪ್ಪಿ ಬರುವಂಥವೇ.

"ಇಮ್ಯೂನಿಟಿ ಕಡಿಮೆ ಆದರೂ ಕ್ಯಾನ್ಸರ್ ಬರುತ್ತದಲ್ಲ ಸಾರ್" ಅಂತ ಯಾರಾದರೂ ಕೇಳುತ್ತೀರಿ. ನಿಜ. ಕಿಡ್ನಿ ಕಸಿ ಮಾಡಿಸಿಕೊಂಡು ಇಮ್ಯೂನಿಟಿ ತಗ್ಗಿಸುವ ಮಾತ್ರೆ ನುಂಗುವವರಿಗೆ, ಎಚ್‌ಐವಿ ಇರುವವರಿಗೆ ಕೆಲವು ಕ್ಯಾನ್ಸರ್‌ಗಳು ಜಾಸ್ತಿ. ಅದು ಡಾಕ್ಟರಿಗೆ ಗೊತ್ತಿರುವ, ರಕ್ತ ಪರೀಕ್ಷೆಯಲ್ಲಿ ಕಾಣುವ ಸ್ಥಿತಿ. ಒಂದು ಹೊತ್ತು ಮುದ್ದೆ ಬಿಟ್ಟಿದ್ದಕ್ಕೆ ಆಗುವಂಥದ್ದಲ್ಲ. ಚೆನ್ನಾಗಿ ಉಣ್ಣಬೇಕು, ಹೊಗೆಸೊಪ್ಪು ಬಿಡಬೇಕು, ಯಾರು ಬೇಡ ಅಂದರು? ಆದರೆ ಅದನ್ನು ಹೇಳುವ ಹೊತ್ತು ಕೀಮೋ ಮುಗಿಸಿ ಸುಸ್ತಾಗಿ ಕೂತವರ ಪಕ್ಕ ಅಲ್ಲ.

ರಾಲ್ಫ್ ಸ್ಟೈನ್‌ಮನ್ ಅಂತ ಒಬ್ಬ ವಿಜ್ಞಾನಿ ಇದ್ದರು. ಟಿ ಕೋಶಗಳಿಗೆ ಶತ್ರುವಿನ ಗುರುತು ಹೇಳಿಕೊಡುವ ಡೆಂಡ್ರಿಟಿಕ್ ಕೋಶಗಳನ್ನು 1973ರಲ್ಲಿ ಜಗತ್ತಿಗೆ ತೋರಿಸಿದವರು. ಅವರಿಗೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂತು. ತಮ್ಮ ಕೋಶಗಳಿಂದಲೇ ಲಸಿಕೆ ಮಾಡಿಸಿಕೊಂಡು ಹೋರಾಡಿದರು. ನಾಲ್ಕು ವರ್ಷದ ಮೇಲೆ ಬದುಕಿದರು. 2011ರಲ್ಲಿ ಅವರಿಗೆ ನೊಬೆಲ್ ಘೋಷಣೆ ಆದಾಗ ಅವರು ತೀರಿಕೊಂಡು ಮೂರು ದಿನ ಆಗಿತ್ತು. ಇಮ್ಯೂನಿಟಿ ಬಗ್ಗೆ ಅವರಷ್ಟು ತಿಳಿದವರು ಜಗತ್ತಿನಲ್ಲಿ ಎಷ್ಟು ಜನ ಇದ್ದಿರಬಹುದು? ಅವರಿಗೂ ಹೇಳುತ್ತೀರಾ, ಮೈ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ?

ಒಂದು ವಿಷಯ ಇಲ್ಲಿಯವರೆಗೂ ಯಾರಿಗೂ ಹೇಳಿರಲಿಲ್ಲ. ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾದ ದಿನ, ಬೆಂಗಳೂರಿನಿಂದ ವಾಪಸ್ ಬರುವ ಬಸ್ಸಿನಲ್ಲಿ ನಾನು ಅವರನ್ನು ಕೇಳಿದ ಮೊದಲ ಮಾತು, "ಏನ್ ಮಾಡ್ಕೊಂಡ್ರಿ ಅಪ್ಪ ನೀವು?" ಅಂತ. ಅಪ್ಪ ಕಿಟಕಿ ಕಡೆ ತಿರುಗಿದರು. ದೇವನಹಳ್ಳಿ ದಾಟುವ ತನಕ ಮಾತಾಡಲಿಲ್ಲ. ಅಷ್ಟು ಓದಿಕೊಂಡಿದ್ದ ನನ್ನ ಬಾಯಲ್ಲೂ ಅದೇ ಮಾತು ಬಂತು. ಭಾನುವಾರ ಆ ಸಂಬಂಧಿಯ ಮೇಲೆ ನನಗೆ ಬಂದ ಸಿಟ್ಟಿನಲ್ಲಿ ಅರ್ಧ ಆ ಬಸ್ಸಿನದೇ ಇರಬೇಕು.

ಪೌಡರ್ ವಿಷಯಕ್ಕೆ ಬರುತ್ತೇನೆ. ಆ 2,400 ರೂಪಾಯಿ ಚಿಕ್ಕಮ್ಮನಿಗೆ ಬೆಂಗಳೂರಿಗೆ ಹೋಗಿಬರುವ ಎಷ್ಟು ಸಲದ ಖರ್ಚು ಅಂತ ಯೋಚಿಸಿ. ಇಂಥ ಪುಡಿಗಳಲ್ಲಿ ಕೆಲವು ಲಿವರ್‌ಗೆ ಪೆಟ್ಟು ಕೊಡುತ್ತವೆ. ಹಾಗಾದರೆ ಕೀಮೋನೇ ಮುಂದಕ್ಕೆ ಹಾಕಬೇಕಾಗುತ್ತದೆ. ಇಮ್ಯೂನಿಟಿಯನ್ನು ನಿಜವಾಗಿ ಕೆಲಸಕ್ಕೆ ಹಚ್ಚುವ ಔಷಧಿಗಳ ಸಮಸ್ಯೆ ಬೇರೆಯೇ ಇದೆ, ಅವು ಬಡವರ ಕೈಗೆ ಸಿಗುತ್ತಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಅದಕ್ಕೇ ತಲೆ ಕೆಡಿಸಿಕೊಂಡರು. ನಿವೊಲುಮಾಬ್ ಅನ್ನುವ ಬ್ರೇಕ್ ಬಿಡಿಸುವ ಔಷಧಿಯನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುತ್ತಾರೆ. ಇವರು ತಲೆ, ಕತ್ತಿನ ಭಾಗದ ಕ್ಯಾನ್ಸರ್ ಮುಂದುವರಿದವರಿಗೆ ಕ್ಯಾನ್ಸರ್‌ಗೆ ಕೊಡುವ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಬರೀ ಮಾತ್ರೆ ನುಂಗಿದವರಲ್ಲಿ ಒಂದು ವರ್ಷದ ನಂತರ ಉಳಿದವರು ನೂರಕ್ಕೆ ಸುಮಾರು 16. ಈ ಔಷಧಿಯೂ ಸೇರಿದವರಲ್ಲಿ 43. ಎಲೆಅಡಿಕೆ, ಹೊಗೆಸೊಪ್ಪಿನಿಂದ ಬಾಯಿ ಕ್ಯಾನ್ಸರ್ ಆದವರು ಇರುವ ನಮ್ಮ ಹಳ್ಳಿಗಳಲ್ಲಿ ಮಾತಾಡಬೇಕಾದ ಸುದ್ದಿ ಇದು. ಗೃಹಪ್ರವೇಶದಲ್ಲಿ ಯಾರೂ ಇದನ್ನು ಹೇಳಲಿಲ್ಲ.

ನಿನ್ನೆ ಸಂಜೆ ಮೇಲೂರಿನ ಅವರ ಮನೆಗೆ ಹೋಗಿ ರಿಪೋರ್ಟಿನ ಆ ಸಾಲನ್ನು ಚಿಕ್ಕಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಎರಡು ಸಲ ಓದಿಸಿದರು. ಆಮೇಲೆ, "ನಂಗೆ ಗೊತ್ತಿಲ್ದಂಗೇ ಇಷ್ಟೆಲ್ಲ ನಡೀತಿತ್ತಾ ಒಳಗೆ?" ಅಂದರು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಅವರದು ಅವರಿಗೆ ತಲುಪಿಸಿಬಿಡು ಅಂದರು.

ಗುರುವಾರ ಐದನೇ ಕೀಮೋ. ಆಮೇಲೆ ಒಂದೆರಡು ವಾರ ಬಿಳಿ ರಕ್ತಕಣಗಳ ಕೌಂಟ್ ಬಿದ್ದಿರುತ್ತದೆ, ನೆಗಡಿ ಕೆಮ್ಮು ಇರುವವರು ದಯವಿಟ್ಟು ಆ ಕಡೆ ಹೋಗಬೇಡಿ. ಹೋಗುವವರು ಗೂಡಿನ ರೇಟು ಎಷ್ಟಾಯಿತು, ಈ ಸಲ ಯಾರ ಮನೆಯಲ್ಲಿ ಬೆಳೆ ಚೆನ್ನಾಗಿ ಬಂತು ಅಂತ ಮಾತಾಡಿ. ಅವರು ಕೇಳುತ್ತಿರುವುದು ಅದನ್ನೇ.